ಮೆಕಾಂಗ್ ಹೊಳೆಯಲ್ಲಿ ಅವ್ವ ಹುಟ್ಟು ಹಾಕಿದ ದಿನ

ವಿಯೆಟ್ನಾಂಗೆ ಹೋಗಿ ಬಂದವರು ಸಾಮಾನ್ಯವಾಗಿ ಹಾಲಾಂಗ್ ಕೊಲ್ಲಿಯ ಫೋಟೊ ಹಾಕ್ತಾರೆ, ಇಲ್ಲವೇ ಎರಡು ದೊಡ್ಡ ಕೈಗಳು ಎತ್ತಿ ಹಿಡಿದಂತೆ ಕಾಣುವ ಆ ಬಂಗಾರದ ಸೇತುವೆಯ ಫೋಟೊ. 2024ರ ದೀಪಾವಳಿ ಮುಗಿಸಿಕೊಂಡು ನಮ್ಮ ಮನೆಯ ಐದು ಜನ ಹೋಗಿ ಬಂದ ಆರು ದಿನದ ಪ್ರವಾಸದಲ್ಲಿ ಅವೆರಡೂ ಇರಲಿಲ್ಲ. ಹೋ ಚಿ ಮಿನ್ ಸಿಟಿಯಲ್ಲಿ ಉಳಿದುಕೊಂಡು ಊರು ಸುತ್ತಿದ್ವಿ, ಒಂದು ದಿನ ಮೆಕಾಂಗ್ ನದಿಯಲ್ಲಿ ದೋಣಿ ಪ್ರವಾಸ ಮಾಡಿದ್ವಿ. ಅಷ್ಟೇ. ಆದ್ರೆ ಆ ಒಂದು ದಿನದ ಬಗ್ಗೆ ಬರೀಬೇಕು ಅನ್ನಿಸಿದೆ. ನಮ್ಮ ಮನೆಯಲ್ಲಿ ಆರು ತಿಂಗಳಿಂದ ಮುಗಿಯದೇ ಇದ್ದ ಒಂದು ಮಾತು ಆ ದೋಣಿಯಲ್ಲಿ ಮುಗೀತು.

ಮಾತು ಏನು ಅಂತ ಮೊದಲೇ ಹೇಳಿಬಿಡ್ತೀನಿ. ಅಪ್ಪ-ಅವ್ವ ಬ್ಯಾಡಗಿಯಲ್ಲಿ ಇರೋದು, ನಾನು, ಹೆಂಡತಿ, ಮೂರು ವರ್ಷದ ಮಗಳು ಬೆಂಗಳೂರಲ್ಲಿ ಇರೋದು. ಅಪ್ಪ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೀತಾರೆ. ಮೂವತ್ತೈದು ವರ್ಷದಿಂದ ಅದೇ ಕೆಲಸ. 2024ರ ಮಾರ್ಚ್‌ನಲ್ಲಿ ದರ ಕುಸಿದು, ಬ್ಯಾಡಗಿ ಮಾರುಕಟ್ಟೆ ಪ್ರಾಂಗಣದಲ್ಲಿ ಗಾಡಿಗಳಿಗೆ ಬೆಂಕಿ ಬಿದ್ದದ್ದು ರಾಜ್ಯಕ್ಕೆಲ್ಲ ಗೊತ್ತು. ಆ ಸೀಜನ್ ಹೆಂಗೋ ಮುಗೀತು ಅನ್ನುವಷ್ಟರಲ್ಲಿ, ಮೇ ತಿಂಗಳ ಒಂದು ಮಧ್ಯಾಹ್ನ ಅಪ್ಪನಿಗೆ ಅಂಗಡಿಯಲ್ಲೇ ಎದೆನೋವು ಬಂತು. ಅಕ್ಕಪಕ್ಕದವರು ಕಾರಲ್ಲಿ ಹಾಕಿಕೊಂಡು ಹುಬ್ಬಳ್ಳಿ ಮುಟ್ಟಿಸಿದಾಗ ನಾನು ಬೆಂಗಳೂರಿಂದ ಹೊರಟು ಇನ್ನೂ ತುಮಕೂರು ದಾಟಿರಲಿಲ್ಲ. ಒಂದು ಸ್ಟೆಂಟ್ ಹಾಕಿದರು. ಅಪ್ಪ ಆರಾಮ ಆದರು. ಆದರೆ ತುಮಕೂರು ದಾಟದ ಆ ರಸ್ತೆ ನನ್ನ ತಲೆಯಿಂದ ಹೋಗಲಿಲ್ಲ.

ಅಂದಿನಿಂದ ನಾನು ಹಿಡಿದ ಹಟ ಒಂದೇ. ಬ್ಯಾಡಗಿ ಮನೆ ಬಾಡಿಗೆಗೆ ಕೊಟ್ಟು ಇಬ್ಬರೂ ಬೆಂಗಳೂರಿಗೆ ಬರಬೇಕು. ದೊಡ್ಡ ಆಸ್ಪತ್ರೆ ಹತ್ತು ನಿಮಿಷದ ದಾರಿ, ಮೊಮ್ಮಗಳು ಕಣ್ಣ ಮುಂದೆ, ಎರಡನೇ ರೂಮು ಖಾಲಿ ಇದೆ. ಅಪ್ಪ "ನಿಮ್ಮವ್ವನ್ನ ಕೇಳು" ಅಂತಿದ್ದರು. ಅವ್ವ "ನೋಡೋಣಂತ" ಅಂತಿದ್ದಳು. ನಮ್ಮ ಕಡೆ "ನೋಡೋಣಂತ" ಅಂದ್ರೆ ಹೌದೂ ಅಲ್ಲ, ಅಲ್ಲವೂ ಅಲ್ಲ.

ಪ್ರವಾಸದ ಐಡಿಯಾ ನನ್ನ ಹೆಂಡತಿಯದು. ಆಕೆಯ ತವರು ರಾಣೆಬೆನ್ನೂರು. "ನೀವು ಫೋನಲ್ಲಿ ದಿನಾ ಅದನ್ನ ಕೇಳಿದ್ರ ಅತ್ತಿಯವರು ದಿನಾ ಅದನ್ನ ಹೇಳ್ತಾರ. ಎಲ್ಲಿಗರ ಹೊರಗ ಕರ್ಕೊಂಡ ಹೋಗೂಣು. ಅಲ್ಲಿ ಈ ಮಾತು ತಗೀಬ್ಯಾಡ್ರಿ," ಅಂದಳು. ಡಾಕ್ಟರ್ ಹೋಗಬಹುದು ಅಂದರು. ವಿಯೆಟ್ನಾಂ ಇ-ವೀಸಾ ಒಬ್ಬರಿಗೆ 25 ಡಾಲರ್, ಮನೆಯಲ್ಲೇ ಕೂತು ಅರ್ಜಿ ಹಾಕಬಹುದು. ಡಿಸೆಂಬರ್ ಬಂದರೆ ಮಾರುಕಟ್ಟೆ ಬಿರುಸಾಗ್ತದೆ, ಅಪ್ಪ ಅಲ್ಲಾಡೋದಿಲ್ಲ. ಹಾಗಾಗಿ ನವೆಂಬರ್ ಮಧ್ಯ ಅಂತ ಗೊತ್ತು ಮಾಡಿದೆವು. ಅವ್ವ ಎರಡು ಡಬ್ಬಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಕಟ್ಟಿಕೊಂಡಳು. ಅಪ್ಪ ಹಾಕಿದ ಷರತ್ತು ಒಂದೇ: "ಎಲ್ಲಿಗರ ಕರ್ಕೊಂಡ ಹೋಗು, ನೀರಿನ ಮ್ಯಾಲೆ ಮಾತ್ರ ಬ್ಯಾಡ." ಬ್ಯಾಡಗಿಯಲ್ಲಿ ಹುಟ್ಟಿ ಬೆಳೆದ ಅಪ್ಪನಿಗೆ ನೀರು ಅಂದ್ರೆ ಕೆರೆ. ಹೊಳೆ ಗೊತ್ತಿಲ್ಲ, ಈಜು ಬರೋದಿಲ್ಲ.

ಆದರೂ ಹೋ ಚಿ ಮಿನ್ ಸಿಟಿಗೆ ಹೋಗಿ ಮೆಕಾಂಗ್ ನೋಡದೆ ಬರೋದು ಹೆಂಗೆ? ಇದು ಸಣ್ಣ ಹೊಳೆಯಲ್ಲ. ಟಿಬೆಟ್ ಪ್ರಸ್ಥಭೂಮಿಯಲ್ಲಿ ಹುಟ್ಟಿ ಚೀನಾ, ಮ್ಯಾನ್ಮಾರ್, ಲಾವೋಸ್, ಥಾಯ್ಲೆಂಡ್, ಕಾಂಬೋಡಿಯಾ ದಾಟಿ ವಿಯೆಟ್ನಾಂನಲ್ಲಿ ಸಮುದ್ರ ಸೇರ್ತದೆ. ಉದ್ದ 4,300 ಕಿಲೋಮೀಟರ್‌ಗೂ ಹೆಚ್ಚು. ಕೂಡಲಿಯಲ್ಲಿ ತುಂಗೆ-ಭದ್ರೆ ಸೇರಿದ ಮೇಲೆ ನಮ್ಮ ತುಂಗಭದ್ರೆ ಹರಿಯೋದು 531 ಕಿಲೋಮೀಟರ್. ಸಮುದ್ರಕ್ಕೆ ಹತ್ತಿರ ಬರುವಾಗ ಮೆಕಾಂಗ್ ಹಲವು ಕವಲಾಗಿ ಒಡೀತದೆ. ಅದಕ್ಕೇ ವಿಯೆಟ್ನಾಂನವರು ಅದನ್ನು ಒಂಬತ್ತು ಡ್ರ್ಯಾಗನ್‌ಗಳ ಹೊಳೆ ಅಂತ ಕರೀತಾರೆ.

ಹೋಟೆಲಿನವರ ಮೂಲಕವೇ ಒಂದು ದಿನದ ಪ್ರವಾಸ ಬುಕ್ ಮಾಡಿದೆ. ಬೆಳಿಗ್ಗೆ ಎಂಟಕ್ಕೆ ಬಸ್ಸು. ಮೀ ಥೋ ಅನ್ನುವ ಊರು ಸುಮಾರು 70 ಕಿಲೋಮೀಟರ್. ದಾರಿಯುದ್ದಕ್ಕೂ ಭತ್ತದ ಗದ್ದೆ, ನಡುನಡುವೆ ಗದ್ದೆಯಲ್ಲೇ ಕಟ್ಟಿದ ಗೋರಿಗಳು. ಅಪ್ಪ ಕಿಟಕಿಗೆ ಮುಖ ಹಚ್ಚಿ ಕೂತಿದ್ದರು. "ಹಿರೇರನ್ನ ಹೊಲದಾಗ ಇಟ್ಟಾರ ನೋಡು. ನಮ್ಮಾಂಗ," ಅಂದರು. ನಮ್ಮ ಹೊಲದ ಮೂಲೆಯಲ್ಲಿ ಅಜ್ಜನ ಗದ್ದುಗೆ ಇದೆ.

ಮೀ ಥೋದಲ್ಲಿ ಮೊದಲು ವಿನ್ ಚಾಂಗ್ ಅನ್ನುವ ಬೌದ್ಧ ದೇವಾಲಯ. ಅಂಗಳದಲ್ಲಿ ಮೂರು ಭಾರಿ ಬುದ್ಧರು: ಒಬ್ಬ ನಿಂತಿದ್ದಾನೆ, ಒಬ್ಬ ಮಲಗಿದ್ದಾನೆ, ಒಬ್ಬ ಹೊಟ್ಟೆ ಬಿಟ್ಟುಕೊಂಡು ನಗ್ತಿದ್ದಾನೆ. ಮಗಳಿಗೆ ನಗುವವನು ಬಹಳ ಹಿಡಿಸಿದ. ಅವ್ವ ಚಪ್ಪಲಿ ಬಿಟ್ಟು ಮೂವರಿಗೂ ಕೈ ಮುಗಿದಳು.

ಅಲ್ಲಿಂದ ದೋಣಿ ಹತ್ತುವ ಕಟ್ಟೆ. ಮೆಕಾಂಗ್‌ನ ದೊಡ್ಡ ಕವಲುಗಳಲ್ಲಿ ಒಂದಾದ ಟಿಯೆನ್ ನದಿ ಅಲ್ಲಿ ಹರೀತದೆ. ಮೊದಲ ನೋಟಕ್ಕೇ ಅಪ್ಪ ಎರಡು ಹೆಜ್ಜೆ ಹಿಂದೆ ಸರಿದರು. ಆಚೆ ದಂಡೆ ದೂರದಲ್ಲಿ ಒಂದು ಹಸಿರು ಗೀಟಿನಂತೆ. ನೀರು ಕಪ್ಪೂ ಅಲ್ಲ ನೀಲಿಯೂ ಅಲ್ಲ, ಕದಡಿದ ಚಹಾದ ಬಣ್ಣ. ಮೇಲಿನ ದೇಶಗಳಿಂದ ಹೊತ್ತು ತಂದ ಮಣ್ಣು. ಆ ಮಣ್ಣೇ ಕೂಡಿ ಇಲ್ಲಿ ಭೂಮಿ ಆಗಿದೆ, ದ್ವೀಪ ಆಗಿದೆ. ಹೊಳೆಯ ನಡುವಿನ ನಾಲ್ಕು ದ್ವೀಪಗಳಿಗೆ ಡ್ರ್ಯಾಗನ್, ಯೂನಿಕಾರ್ನ್, ಆಮೆ, ಫೀನಿಕ್ಸ್ ಅಂತ ಹೆಸರು. ದೂರದಲ್ಲಿ ಒಂದು ಉದ್ದನೆಯ ಸೇತುವೆ ಕಾಣ್ತಿತ್ತು. ರಾಕ್ ಮಿಯೆವ್ ಸೇತುವೆ, 2009ರಲ್ಲಿ ಆದದ್ದು. ಅದಕ್ಕಿಂತ ಮುಂಚೆ ಆಚೆಯ ಬೆನ್ ಚೆ ಪ್ರಾಂತ್ಯಕ್ಕೆ ಹೋಗಬೇಕಾದ್ರೆ ಫೆರಿಗೆ ಕಾಯಬೇಕಿತ್ತು ಅಂತ ಗೈಡ್ ಹುಡುಗ ಹೇಳಿದ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅವ್ವ ತಲೆಯಾಡಿಸಿ, "ಹೂಂ, ಕಾಯಬೇಕಾಗ್ತೈತಿ. ಅಂಬಿಗ ಉಂಡು ಬರೂ ಮಟ ಕಾಯಬೇಕಾಗ್ತೈತಿ," ಅಂದಳು. ಆಗ ನಾನು ಅದನ್ನು ಅಷ್ಟು ಗಮನಿಸಲಿಲ್ಲ. ಅಪ್ಪನಿಗೆ ಲೈಫ್ ಜಾಕೆಟ್ ಬಕಲ್ ಹಾಕೋದರಲ್ಲಿದ್ದೆ.

ಮೋಟಾರು ದೋಣಿ ದೊಡ್ಡದು, ಅಲುಗಾಡದು. ಹತ್ತು ನಿಮಿಷ ಹೋದ ಮೇಲೆ ಅಪ್ಪನ ಕೈ ಕಂಬಿಯಿಂದ ಸಡಿಲ ಆಯ್ತು. ಆಮೇಲೆ ಪ್ರಶ್ನೆಗಳು ಶುರುವಾದವು. ಈ ನೀರು ಹೊಲಕ್ಕೆ ಹೆಂಗ ಹೋಗ್ತೈತಿ? ಸಮುದ್ರ ಎಷ್ಟು ದೂರ? ಉಪ್ಪು ಹತ್ತೂದಿಲ್ಲೇನು? ಕೊನೆಯ ಪ್ರಶ್ನೆಗೆ ಗೈಡ್ ಹುಡುಗನ ನಗು ನಿಂತಿತು. ಹತ್ತತದೆ ಅಂದ. ಬೇಸಿಗೆಯಲ್ಲಿ ಮೇಲಿನಿಂದ ಬರುವ ನೀರು ಕಡಿಮೆ ಆದಾಗ ಸಮುದ್ರದ ಉಪ್ಪು ನೀರು ಹೊಳೆಯೊಳಗೆ ಹಿಂದಕ್ಕೆ ಏರಿ ಬರ್ತದೆ. 2020ರಲ್ಲಂತೂ ಬೆನ್ ಚೆ ಕಡೆಯ ಜನಕ್ಕೆ ಇಷ್ಟು ದೊಡ್ಡ ಹೊಳೆಯ ದಂಡೆಯಲ್ಲೇ ಕುಡಿಯೋಕೆ ಸಿಹಿನೀರು ಇರಲಿಲ್ಲ. ಭತ್ತ ಹೋಯ್ತು, ಹಣ್ಣಿನ ಗಿಡ ಒಣಗಿದವು. ಮೇಲೆ ಬೇರೆ ದೇಶಗಳು ಕಟ್ಟಿದ ಅಣೆಕಟ್ಟುಗಳ ಮಾತೂ ಬಂತು. ಅಪ್ಪ ಎಲ್ಲ ಕೇಳಿಸಿಕೊಂಡು, "ರೈತನ ಹಣೇಬರಾ ಎಲ್ಲೆ ಹೋದ್ರೂ ಮ್ಯಾಲಿನಾವ್ರ ಕೈಯಾಗ ನೋಡು," ಅಂದರು. ಮೇಲಿನವರು ಅಂದ್ರೆ ದೇವರೋ, ಅಣೆಕಟ್ಟಿನವರೋ, ಕೇಳಲಿಲ್ಲ.

ಬೆನ್ ಚೆ ಅಂದ್ರೆ ತೆಂಗಿನ ನಾಡು. ಅಲ್ಲಿ ತೆಂಗಿನ ಮಿಠಾಯಿ ಮಾಡುವ ಒಂದು ಮನೆಗೆ ಕರ್ಕೊಂಡು ಹೋದರು. ಕಾಯಿಹಾಲು, ಸಕ್ಕರೆ, ಮಾಲ್ಟ್ ಕೂಡಿಸಿ ದೊಡ್ಡ ಬಾಣಲೆಯಲ್ಲಿ ಮಗುಚಿ, ಉದ್ದಕ್ಕೆ ಎಳೆದು, ಕತ್ತರಿಸಿ, ತೆಳ್ಳನೆಯ ಅಕ್ಕಿ ಹಾಳೆಯಲ್ಲಿ ಸುತ್ತುತಾರೆ. ಆ ಹಾಳೆ ಸಮೇತ ತಿನ್ನೋದು. ಅಂಗಳದಲ್ಲಿ ಬಿದಿರಿನ ತಟ್ಟಿಯ ಮೇಲೆ ಅಕ್ಕಿ ಹಾಳೆ ಒಣಗಲು ಹಾಕಿದ್ದರು. ಅವ್ವ ಬಗ್ಗಿ ಒಂದರ ಅಂಚು ಮುಟ್ಟಿ, "ಇನ್ನೊಂದು ತಾಸು ಬಿಸಲು ಬೇಕು," ಅಂದಳು. ಅದನ್ನು ಇಂಗ್ಲಿಷಿಗೆ ತರುವ ಮೊದಲೇ ಅಲ್ಲಿದ್ದ ಅಜ್ಜಿ ಅವ್ವನ ಕೈ ನೋಡಿ ನಕ್ಕು, ತಟ್ಟಿಯನ್ನು ಬಿಸಿಲಿಗೆ ತಿರುಗಿಸಿದಳು.

ಊಟದ ಹೊತ್ತಿಗೆ ಸ್ವಲ್ಪ ಫಜೀತಿ. ಪಕ್ಕದ ಟೇಬಲ್ಲಿಗೆ ಇಲ್ಲಿಯ ವಿಶೇಷ ಅಂತ ಆನೆಕಿವಿಯ ಹೆಸರಿನ ಇಡೀ ಮೀನು ಕರಿದು, ಚೌಕಟ್ಟಿನಲ್ಲಿ ನಿಲ್ಲಿಸಿಕೊಂಡು ತಂದರು. ನಾವು ಲಿಂಗಾಯತರು, ಅವ್ವ ಮುಖ ತಿರುಗಿಸಿದಳು. ನಾನು ಕಲಿತುಕೊಂಡು ಹೋಗಿದ್ದ ಒಂದೇ ವಿಯೆಟ್ನಾಮಿ ಶಬ್ದ "ಚಾಯ್". ಅಂದ್ರೆ ಶುದ್ಧ ಸಸ್ಯಾಹಾರ. ಹೋಗುವವರು ನೆನಪಿಟ್ಟುಕೊಳ್ಳಿ, ಬಹಳ ಉಪಯೋಗ. ಅಲ್ಲಿ ಬೌದ್ಧರಲ್ಲಿ ಅನೇಕರು ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹುಣ್ಣಿಮೆಗೆ ಚಾಯ್ ಊಟ ಮಾಡ್ತಾರೆ, ಹಾಗಾಗಿ ಶಬ್ದ ಎಲ್ಲರಿಗೂ ಗೊತ್ತು. ಅನ್ನ, ತೋಫು, ಸೊಪ್ಪು ಬಂತು. ಅಮಾವಾಸ್ಯೆ-ಹುಣ್ಣಿಮೆ ಲೆಕ್ಕ ಕೇಳಿದ ಮೇಲೆ ಅವ್ವನಿಗೆ ಆ ಊರಿನ ಮೇಲೆ ವಿಶ್ವಾಸ ಬಂತು. ಹಣ್ಣಿನ ಜೊತೆ ಅದ್ದಿಕೊಳ್ಳಲು ಉಪ್ಪು-ಮೆಣಸಿನಕಾಯಿ ಪುಡಿ ಇಟ್ಟಿದ್ದರು. ಅಪ್ಪ ಬೆರಳಿಗೆ ಹಚ್ಚಿ ನೆಕ್ಕಿ, ಬೆಳಕಿಗೆ ಹಿಡಿದು ನೋಡಿ ತೀರ್ಪು ಕೊಟ್ಟರು: "ಖಾರ ಐತಿ, ಬಣ್ಣ ಇಲ್ಲ." ಬಣ್ಣ ಜಾಸ್ತಿ, ಖಾರ ಕಡಿಮೆ ಇರುವ ಕಾಯಿಯ ನಡುವೆ ಆಯುಷ್ಯ ಕಳೆದವರ ಮಾತು ಅದು.

ಊಟ ಆದ ಮೇಲೆ ಸಣ್ಣ ದೋಣಿ. ಎರಡೂ ಕಡೆ ನೀರುತೆಂಗು ಬೆಳೆದು ಮೇಲೆ ಕಮಾನು ಕಟ್ಟಿದಂತಿರುವ ಕಿರಿದಾದ ಕಾಲುವೆಯಲ್ಲಿ ಈ ದೋಣಿಗಳನ್ನು ಹೆಚ್ಚಾಗಿ ಹೆಂಗಸರೇ ನಡೆಸ್ತಾರೆ. ಹಿಂದೊಬ್ಬಳು, ಮುಂದೊಬ್ಬಳು, ನಡುವೆ ಪ್ರವಾಸಿಗಳು. ತಲೆಯ ಮೇಲೆ ತಾಳೆಗರಿಯ ಚೂಪು ಟೋಪಿ, ಕೊರಳಲ್ಲಿ ನಮ್ಮ ವಲ್ಲಿಯಂಥ ಚೌಕಳಿ ಬಟ್ಟೆ. ದೋಣಿ ಮುಟ್ಟಿದರೆ ಓಲಾಡ್ತದೆ. ಅಪ್ಪ, ನನ್ನ ಹೆಂಡತಿ, ಮಗಳು ಒಂದರಲ್ಲಿ ಕೂತರು. ಇನ್ನೊಂದರಲ್ಲಿ ಅವ್ವ, ನಾನು. ಮಂಡಿನೋವಿನ ಅವ್ವ ಇದನ್ನು ಹೆಂಗೆ ಹತ್ತಾಳೋ ಅಂತ ಕೈ ಚಾಚಿದೆ. ಆಕೆ ನನ್ನ ಕೈ ಹಿಡಿಯಲಿಲ್ಲ. ಸೀರೆಯ ನಿರಿಗೆ ಎತ್ತಿ ಕಟ್ಟಿ, ಒಂದು ಕಾಲನ್ನು ದೋಣಿಯ ಸರಿನಡುವೆ ಇಟ್ಟು, ಮೈಭಾರ ತಗ್ಗಿಸಿ ಹಗೂರಕ್ಕೆ ತಳದಲ್ಲಿ ಕೂತಳು. ದೋಣಿ ಅಲುಗಲೇ ಇಲ್ಲ. ನಾನು ಕಾಲಿಟ್ಟಾಗ ಓಲಾಡಿತು. "ನಡಕ ಇಡು ತಮ್ಮಾ, ನಡಕ. ದಂಡಿಗೆ ಇಡಬಾರ್ದು," ಅಂದಳು.

ಹಿಂದೆ ಹುಟ್ಟು ಹಿಡಿದು ಕೂತಿದ್ದ ಹೆಂಗಸು ಅವ್ವನ ವಾರಗೆಯವಳು. ಅವ್ವ ಕೂತದ್ದನ್ನು ನೋಡಿ ಆಕೆ ಏನೋ ಅಂದಳು. ಫೋನಿನ ಅನುವಾದದ ಆ್ಯಪ್ ತೆಗೆದೆ. "ಈ ಮಹಿಳೆಯು ದೋಣಿಯನ್ನು ಬಲ್ಲಳು" ಅಂತ ಸ್ಕ್ರೀನ್ ಮೇಲೆ ಬಂತು. ಓದಿ ಹೇಳಿದೆ. ಅವ್ವ ನಕ್ಕು ಹೇಳಲು ಶುರು ಮಾಡಿದಳು, ಆ್ಯಪ್‌ಗೆ ಹಾವೇರಿ ಮಾತು ಒಂದೂ ಹತ್ತಲಿಲ್ಲ. ಅವ್ವ ಹೇಳೋದು, ನಾನು ಅದನ್ನು ಪುಸ್ತಕದ ಕನ್ನಡ ಮಾಡಿ ಫೋನಿಗೆ ಹೇಳೋದು, ಫೋನು ವಿಯೆಟ್ನಾಮಿಯಲ್ಲಿ ಆಕೆಗೆ ಹೇಳೋದು. ಹಂಗೆ ನಡೀತು ಮಾತುಕತೆ. ಮತ್ತು ಹಂಗೆ ನಡುವೆ ಕೂತದ್ದರಿಂದಲೇ ನನಗೆ ಒಂದು ಕತೆ ಸಿಕ್ಕಿತು. ಮೂವತ್ತು ವರ್ಷದಲ್ಲಿ ಅವ್ವ ಅದನ್ನು ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಅವ್ವನ ತವರು ರಾಣೆಬೆನ್ನೂರು ತಾಲ್ಲೂಕಿನಲ್ಲಿ, ಚೌಡದಾನಪುರದ ಹತ್ತಿರ, ತುಂಗಭದ್ರೆಯ ದಂಡೆಯ ಮೇಲೆ. ಚೌಡದಾನಪುರ ಅಂದ್ರೆ ಹೊಳೆಗೆ ಅಂಟಿಕೊಂಡೇ ಇರುವ ಮುಕ್ತೇಶ್ವರ ಗುಡಿ, ಅಂಬಿಗರ ಚೌಡಯ್ಯನ ಊರು. ಇದು ನನಗೆ ಗೊತ್ತಿತ್ತು, ಜಾತ್ರೆಗೆ ಹೋಗಿದ್ದೇನೆ. ಗೊತ್ತಿಲ್ಲದ್ದು ಏನಂದ್ರೆ, ಅವ್ವನ ಮನೆಯವರು ಆಚೆ ದಂಡೆಯಲ್ಲಿ ಎರಡು ಎಕರೆ ಹೊಲ ಲಾವಣಿಗೆ ಮಾಡ್ತಿದ್ದರಂತೆ. ಈಚೆ ದಂಡೆ ಆಗ ಧಾರವಾಡ ಜಿಲ್ಲೆ, ಆಚೆ ದಂಡೆ ಬಳ್ಳಾರಿ ಜಿಲ್ಲೆ. ಈಗ ಹಾವೇರಿ ಮತ್ತು ವಿಜಯನಗರ. ಹತ್ತಿರದಲ್ಲಿ ಸೇತುವೆ ಇಲ್ಲ. ದಿನಾ ಹರಗೋಲಿನಲ್ಲಿ ದಾಟೋದು. ಬುತ್ತಿ, ಕುಡುಗೋಲು, ಸುಗ್ಗಿಯಲ್ಲಿ ಶೇಂಗಾ ಚೀಲ, ಒಮ್ಮೊಮ್ಮೆ ಆಡುಮರಿ, ಎಲ್ಲಾ ಅದರಲ್ಲೇ. ಅಂಬಿಗನಿಗೆ ದಿನಾ ದುಡ್ಡು ಕೊಡೋದಿಲ್ಲ, ಸುಗ್ಗಿ ಆದ ಮೇಲೆ ಜೋಳ ಅಳೆದು ಕೊಡೋದು. ಹತ್ತು ವರ್ಷದ ಹುಡುಗಿ ಸುಮ್ಮನೆ ಕೂರದೆ ಕಾಡಿಸಿದ್ದಕ್ಕೆ ಆ ಮುದುಕ ಆಕೆಯ ಕೈಗೆ ಹುಟ್ಟು ಕೊಟ್ಟನಂತೆ. ಹದಿಮೂರಕ್ಕೆ ಆಕೆ ಒಬ್ಬಳೇ ಹರಗೋಲು ದಾಟಿಸ್ತಿದ್ದಳು. ದೊಡ್ಡವಳಾದ ಮೇಲೆ ಮನೆಯವರು ಬಿಡಲಿಲ್ಲ. ಆಮೇಲೆ ಮದುವೆ, ಬ್ಯಾಡಗಿ.

ಇಷ್ಟು ಕೇಳಿದ ಮೇಲೆ ಆ ಹೆಂಗಸು ಮಾತೇ ಆಡದೆ ಪಕ್ಕದಲ್ಲಿದ್ದ ಇನ್ನೊಂದು ಹುಟ್ಟು ತೆಗೆದು ಅವ್ವನ ಕಡೆ ಚಾಚಿದಳು.

ಅವ್ವ ಹಾಕಿದ ಮೊದಲ ಹುಟ್ಟಿಗೇ ದೋಣಿಯ ಮೂತಿ ನೀರುತೆಂಗಿನ ಪೊದೆಯ ಕಡೆ ತಿರುಗಿತು. ಹರಗೋಲು ದುಂಡಗೆ ಬುಟ್ಟಿಯಂತೆ ಇರೋದರಿಂದ ಪಕ್ಕದಲ್ಲಿ ಹುಟ್ಟು ಹಾಕಿದರೆ ಅಲ್ಲೇ ಗಿರಕಿ ಹೊಡೀತದೆ. ಮುಂದಿನಿಂದ ನೀರನ್ನು ತನ್ನ ಕಡೆ ಎಳೆದುಕೊಳ್ಳಬೇಕು. ಉದ್ದ ದೋಣಿಗೆ ಆ ಲೆಕ್ಕ ನಡೆಯೋದಿಲ್ಲ. ಆಕೆ ತನ್ನ ಹುಟ್ಟನ್ನು ತೋರಿಸಿ ತೋರಿಸಿ ಹಾಕಿದಳು. ಅವ್ವ ಎರಡು ಸಲ ನೋಡಿದಳು. ಮೂರನೆಯದಕ್ಕೆ ತಾಳ ಕೂಡಿತು. ನಮ್ಮ ದೋಣಿ ಅಪ್ಪನ ದೋಣಿಯನ್ನು ದಾಟಿ ಮುಂದೆ ಹೋಯ್ತು. "ಲೇ ಲೇ, ಏನ ಮಾಡಾಕತ್ತೀಯ ನೀ!" ಅಂತ ಅಪ್ಪ ಕೂಗಿದರು. ಮಗಳು ಚಪ್ಪಾಳೆ ಹೊಡೆದಳು. ಅವ್ವ ತಿರುಗಿ ನೋಡಲಿಲ್ಲ.

ಕಾಲುವೆಯ ತಿರುವಿನಲ್ಲಿ ಎದುರಿನ ದೋಣಿಗಳಿಗೆ ದಾರಿ ಬಿಡಲು ನಿಂತೆವು. ಆಗ ಅವ್ವನೇ ಕೇಳು ಅಂದಳು: ಮಕ್ಕಳೆಷ್ಟು, ಏನು ಮಾಡ್ತಾರೆ. ಒಬ್ಬ ಮಗ, ಸೈಗಾನ್‌ನಲ್ಲಿ ಕಾರ್ಖಾನೆ ಕೆಲಸ. ಹೋ ಚಿ ಮಿನ್ ಸಿಟಿಗೆ ಜನ ಇನ್ನೂ ಹಳೆಯ ಹೆಸರನ್ನೇ ಹೇಳ್ತಾರೆ. ಬಂದುಬಿಡು ಅಂತ ಅವನೂ ಕರೀತಾನಂತೆ. ಯಾಕೆ ಹೋಗಲ್ಲ ಅಂತ ಕೇಳಿದೆ. ಈ ಪ್ರಶ್ನೆ ಅವ್ವನದಲ್ಲ, ನನ್ನದು. ಸ್ಕ್ರೀನ್ ಮೇಲೆ ಎರಡು ಸಾಲು ಬಂತು: "ನಾನು ಹೊಸ ವರ್ಷಕ್ಕೆ ಹೋಗುತ್ತೇನೆ. ಹತ್ತು ದಿನಗಳ ನಂತರ ನನ್ನ ಕೈಗಳಿಗೆ ಕೆಲಸವಿಲ್ಲ."

ಅದನ್ನು ಓದಿ ಹೇಳಿದೆ. ಅವ್ವ ಸ್ವಲ್ಪ ಹೊತ್ತು ಹುಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು. ಆಮೇಲೆ ನನ್ನ ಕಡೆ ತಿರುಗಿ, ಆರು ತಿಂಗಳಿಂದ ಹೇಳದೇ ಇದ್ದದ್ದನ್ನು ಹೇಳಿದಳು.

"ತಮ್ಮಾ, ನಾ ಒಮ್ಮಿ ಹೊಳಿ ಬಿಟ್ಟು ಬಂದಾಕಿ. ಬ್ಯಾಡಗಿ ಒಳಗ ಮದ್ಲ ಎರಡು ವರ್ಷ ಹೆಂಗ ಕಳದೆ ಅಂತ ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಆಗ ಹದಿನೆಂಟಿತ್ತು, ಹೊಂದಿಕೊಂಡೆ. ಈಗ ಅದ ಕೆಲಸ ಇನ್ನೊಮ್ಮಿ ಮಾಡಾಕ ನನ್ನ ಕೈಲಿ ಆಗಾಂಗಿಲ್ಲ. ನಿಮ್ಮಪ್ಪಗ ಅಂಗಡಿ ಬಿಡಸಿದ್ರ ಎದಿ ಆರಾಮ ಇರತೈತಿ ಅಂತ ನಿನಗ ಯಾರ ಹೇಳ್ಯಾರ? ಜೀವಕ್ಕ ಏನರ ಆದ್ರ ಅಂತ ನಿನಗ ಹೆದರಿಕಿ. ಅದು ನನಗೂ ಐತಿ. ಅದಕ್ಕ ಏನ್ ಮಾಡಬೇಕೋ ಬ್ಯಾಡಗಿ ಒಳಗ ಮಾಡು."

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇಷ್ಟು ದಿನ "ನೋಡೋಣಂತ" ಅನ್ನುವುದರ ಒಳಗೆ ಇದ್ದದ್ದು ಇದು. ಎದುರಿನ ದೋಣಿಗಳು ದಾಟಿ ಹೋದವು. ಅವ್ವ ಮತ್ತೆ ಹುಟ್ಟು ಹಾಕಿದಳು. ಇಳಿಯುವಾಗ ಎಲ್ಲರೂ ದೋಣಿಯವರಿಗೆ ಟಿಪ್ಸ್ ಕೊಡ್ತಾರೆ, ನಾನೂ ಕೊಟ್ಟೆ. ಅವ್ವ ಕೈಚೀಲದಿಂದ ಉಳಿದಿದ್ದ ನಾಲ್ಕು ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಪೊಟ್ಟಣ ತೆಗೆದು ಆಕೆಗೆ ಕೊಟ್ಟಳು. ಆಕೆ ರೊಟ್ಟಿಯನ್ನು ಮುರಿದು, ಸಪ್ಪಳ ಕೇಳಿ, ಅಕ್ಕಿ ಹಾಳೆಯ ಕಡೆ ಕೈ ತೋರಿಸಿ ನಕ್ಕಳು.

ಸಂಜೆ ಬಸ್ಸಿನಲ್ಲಿ ಎಲ್ಲರೂ ನಿದ್ದೆ ಹೋದರು. ನಾನು ಫೋನಿನ ನೋಟ್ಸ್‌ನಲ್ಲಿ ಒಂದು ಪಟ್ಟಿ ಮಾಡಿದೆ. ಎಂಜಿನಿಯರ್ ಬುದ್ಧಿ, ಸಮಸ್ಯೆ ಸ್ಪಷ್ಟ ಆದ ಮೇಲೆ ಪಟ್ಟಿ ಮಾಡದೆ ಇರೋಕಾಗಲ್ಲ. ಈವರೆಗೆ ನನ್ನ ಸಮಸ್ಯೆ "ಇವರನ್ನು ಬೆಂಗಳೂರಿಗೆ ಹೆಂಗೆ ತರೋದು" ಅಂತಿತ್ತು. ಈಗ "ಬ್ಯಾಡಗಿಯಿಂದ ಹುಬ್ಬಳ್ಳಿ ಆಸ್ಪತ್ರೆಗೆ ಬೇಗ ಮುಟ್ಟೋದು ಹೆಂಗೆ" ಅಂತಾಯ್ತು. ಇದಕ್ಕೆ ಉತ್ತರಗಳಿವೆ. ರಾತ್ರಿ ಹೊತ್ತೂ ಬರ್ತೀನಿ ಅಂತ ಒಪ್ಪಿಕೊಂಡ ಇಬ್ಬರು ಕಾರಿನವರ ನಂಬರ್ ಈಗ ಅಡುಗೆಮನೆ ಗೋಡೆಯ ಮೇಲಿದೆ, 108 ಅದರ ಮೇಲೆ ದೊಡ್ಡದಾಗಿದೆ. ಅಪ್ಪನ ರಿಪೋರ್ಟು, ಗುಳಿಗೆಯ ಪಟ್ಟಿ ಒಂದು ಫೈಲಿನಲ್ಲಿ ಬಾಗಿಲ ಹಿಂದೆ ನೇತಾಡ್ತದೆ. ಪಕ್ಕದ ಮನೆಯ ಹುಡುಗನಿಗೂ ಅದು ಎಲ್ಲಿದೆ ಅಂತ ಗೊತ್ತು. ಮೂರು ತಿಂಗಳಿಗೊಮ್ಮೆ ತಪಾಸಣೆ. ಅಪ್ಪ ಅಂಗಡಿಗೆ ಹೋಗ್ತಾರೆ, ಆದರೆ ಮಧ್ಯಾಹ್ನದವರೆಗೆ ಮಾತ್ರ. ಅಂಗಡಿಯ ಮಾಲೀಕರು ಒಪ್ಪಿದ್ದಾರೆ. ನಾನು ಆಫೀಸಿನಲ್ಲಿ ಕೇಳಿಕೊಂಡು ತಿಂಗಳಿಗೆ ಒಂದು ವಾರ ಬ್ಯಾಡಗಿಯಿಂದಲೇ ಕೆಲಸ ಮಾಡ್ತೀನಿ. ಮೀಟಿಂಗ್ ನಡುವೆ ಒಗ್ಗರಣೆ ಘಾಟಿಗೆ ಕೆಮ್ಮು ಬಂದರೆ ಮ್ಯೂಟ್ ಒತ್ತೋದು ಅಭ್ಯಾಸ ಆಗಿದೆ.

ಭಯ ಹೋಗಿದೆಯಾ ಅಂತ ಕೇಳಿದರೆ, ಇಲ್ಲ. ರಾತ್ರಿ ಹತ್ತರ ಮೇಲೆ ಬ್ಯಾಡಗಿಯ ನಂಬರ್ ಫೋನಲ್ಲಿ ಕಂಡರೆ ಈಗಲೂ ಎದೆ ಧಸಕ್ ಅಂತದೆ. ಊರಲ್ಲಿ ಹಿರಿಯರನ್ನು ಬಿಟ್ಟು ಬಂದ ಎಲ್ಲರಿಗೂ ಇದು ಇದ್ದದ್ದೇ. ಆದರೆ ಆ ಭಯಕ್ಕೆ ಅವ್ವ ಎರಡನೇ ಸಲ ಊರು ಬಿಡಬೇಕಾಗಿಲ್ಲ.

ಈ ಸಂಕ್ರಾಂತಿಗೆ ಎಲ್ಲರೂ ಚೌಡದಾನಪುರಕ್ಕೆ ಹೋಗಿದ್ದೆವು. ರೊಟ್ಟಿ ಬುತ್ತಿ ಹೊಳೆ ದಂಡೆಯ ಮೇಲೆ ಬಿಚ್ಚಿದ್ದಾಯ್ತು. ಅಲ್ಲಿ ಮೀನು ಹಿಡಿಯುವವರ ಒಂದು ಹರಗೋಲಿತ್ತು, ಈಗಿನ ಫೈಬರ್‌ನದು. ಅವ್ವ ಅದರ ಅಂಚು ತಟ್ಟಿ ನೋಡಿ, "ಹಗೂರ ಐತಿ," ಅಂದಳು. ಆಮೇಲೆ ಮೊಮ್ಮಗಳನ್ನು ಕರೆದು ಕೇಳಿದಳು, "ಕಾಲು ಎಲ್ಲೆ ಇಡಬೇಕು, ಹೇಳು?"

"ನಡಕ," ಅಂತು ಕೂಸು.